ಕಾರಿನ ಎಸಿ ಫಿಲ್ಟರ್ ನೀವೇ ಬದಲಿಸಿ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಸರ್ವಿಸ್ ಬಿಲ್ಲಿನಲ್ಲಿ ‘ಎಸಿ ಫಿಲ್ಟರ್’ ಅಂತ ಒಂದು ಸಾಲು ಇರುತ್ತದೆ. ಅದರ ಮುಂದಿನ ಮೊತ್ತ ನೋಡಿ, ‘ಈ ಸಲ ಬೇಡ, ಮುಂದಿನ ಸಲ ಹಾಕಿಸೋಣ’ ಅಂತ ಬಿಡುವವರು ತುಂಬಾ ಜನ. ಆ ಮುಂದಿನ ಸಲ ಬರುವುದೇ ಇಲ್ಲ. ಕಿಟಕಿ ಏರಿಸಿಕೊಂಡು ಎಸಿ ಹಾಕಿದಾಗ ಮಕ್ಕಳು, ಅಪ್ಪ ಅಮ್ಮ ಉಸಿರಾಡುವ ಗಾಳಿ ಬರುವುದು ಅದೇ ಫಿಲ್ಟರಿನ ಮೂಲಕ. ಅದನ್ನು ಬದಲಿಸಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ, ದುಬಾರಿ ಫಿಲ್ಟರೂ ಬೇಕಾಗಿಲ್ಲ. ದುಬಾರಿಯದು ಹಾಕಿಸಿ ಎರಡು ವರ್ಷ ಮರೆತುಬಿಡುವುದಕ್ಕಿಂತ, ಅಳತೆಗೆ ಸರಿಯಾಗಿ ಕೂರುವ ಸಾಧಾರಣ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ನೀವೇ ಬದಲಿಸುವುದು ಎಷ್ಟೋ ಮೇಲು. ಇಲ್ಲಿರುವ ಉತ್ತರಗಳೆಲ್ಲ ಇದೇ ಲೆಕ್ಕದಲ್ಲಿವೆ.

ಎಸಿ ಫಿಲ್ಟರ್ ಅಂದರೆ ಯಾವುದು? ಎಂಜಿನ್ ಏರ್ ಫಿಲ್ಟರ್ ಬೇರೆಯಾ?

ಹೌದು, ಬೇರೆ. ಬಾನೆಟ್ ಕೆಳಗಿನ ಏರ್ ಫಿಲ್ಟರ್ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುತ್ತದೆ. ಎಸಿ ಫಿಲ್ಟರ್ ಸೋಸುವುದು ಕಾರಿನ ಒಳಗೆ ಬರುವ ಗಾಳಿಯನ್ನು. ಪ್ಯಾಕೆಟ್ ಮೇಲೆ ಕ್ಯಾಬಿನ್ ಫಿಲ್ಟರ್, ಪೊಲನ್ ಫಿಲ್ಟರ್ ಅಂತಲೂ ಬರೆದಿರುತ್ತಾರೆ. ಎಲ್ಲಾ ಒಂದೇ. ಅಂಗಡಿಯಲ್ಲಿ ಎಸಿ ಫಿಲ್ಟರ್ ಅಂದರೆ ಸಾಕು, ಕೊಡುತ್ತಾರೆ. ಬರೀ ‘ಏರ್ ಫಿಲ್ಟರ್’ ಅಂದರೆ ಮಾತ್ರ ಎಂಜಿನ್ನಿನದು ಕೈಗೆ ಬರುತ್ತದೆ.

ನೋಡಲು ಚಪ್ಪಟೆಯಾದ ಒಂದು ಚೌಕಟ್ಟು. ಅದರೊಳಗೆ ಕಾಗದದಂಥ ಬಟ್ಟೆಯನ್ನು ಸೀರೆಯ ನೆರಿಗೆಯ ಹಾಗೆ ಒತ್ತೊತ್ತಾಗಿ ಮಡಿಸಿರುತ್ತಾರೆ. ನೆರಿಗೆ ಹೆಚ್ಚಿದ್ದಷ್ಟೂ ಧೂಳು ಹಿಡಿಯುವ ಜಾಗ ಹೆಚ್ಚು, ಗಾಳಿ ಹಾಯಲು ದಾರಿಯೂ ಹೆಚ್ಚು. ಹೊಸದು ಬಿಳಿ ಬಣ್ಣದಲ್ಲಿರುತ್ತದೆ, ಕಾರ್ಬನ್ ಇರುವುದಾದರೆ ಬೂದು ಇಲ್ಲವೇ ಕಪ್ಪು.

ಬೆಂಗಳೂರಿನಲ್ಲಿ ಇದು ಇಷ್ಟು ಬೇಗ ಕೊಳೆಯಾಗುವುದು ಯಾಕೆ?

ಮೆಟ್ರೊ ಕಾಮಗಾರಿ, ಅಗೆದು ಅರೆಬರೆ ಮುಚ್ಚಿದ ರಸ್ತೆ, ಕಟ್ಟಡಗಳ ಮರಳು, ಸಿಮೆಂಟು. ಇದರ ಮೇಲೆ ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳದಂಥ ಕಡೆ ನಿಂತಲ್ಲೇ ನಿಲ್ಲುವ ಟ್ರಾಫಿಕ್ಕು. ಹಳ್ಳಿ ರಸ್ತೆಯಲ್ಲಿ 10 ಕಿಲೋಮೀಟರ್ ಹೋಗುವ ಕಾರಿನ ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನು, ಸುಮಾರು ಕಾಲು ಗಂಟೆ ಓಡಿದರೆ, ಹೊರ ವರ್ತುಲ ರಸ್ತೆಯಲ್ಲಿ ಅಷ್ಟೇ ದೂರಕ್ಕೆ ಒಂದು ಗಂಟೆ ಓಡಬಹುದು. ಮೀಟರ್ ತೋರಿಸುವುದು ಅದೇ 10 ಕಿಲೋಮೀಟರ್. ಆದರೆ ಫಿಲ್ಟರಿನ ಮೂಲಕ ಹೋದ ಗಾಳಿ ನಾಲ್ಕು ಪಟ್ಟು, ಅದೂ ಮುಂದಿನ ಬಸ್ಸು ಲಾರಿಗಳ ಹೊಗೆಯ ಜೊತೆ. ಬರೀ ಕಿಲೋಮೀಟರ್ ಲೆಕ್ಕ ನಮ್ಮ ಊರಿಗೆ ಹೊಂದದೇ ಇರುವುದು ಇದಕ್ಕೇ.

ಇನ್ನು ಧೂಳು ಅಂದರೆ ಕಣ್ಣಿಗೆ ಕಾಣುವುದಷ್ಟೇ ಅಲ್ಲ. ನಮ್ಮ ಕೂದಲೆಳೆಯ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಪಿಎಂ 10 ಅಂದರೆ 10 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ, ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣದು. ಈ ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 5. ದೆಹಲಿಗಿಂತ ನಮ್ಮದು ವಾಸಿ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಮಗುವಿನ ಶ್ವಾಸಕೋಶಕ್ಕೆ ದೆಹಲಿಯ ಲೆಕ್ಕ ಬೇಕಿಲ್ಲ, ಅದು ಎಳೆದುಕೊಳ್ಳುವುದು ಇಲ್ಲಿನ ಗಾಳಿಯನ್ನು.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಕಾರಿನ ಜೊತೆ ಬಂದ ಪುಸ್ತಕ ನೋಡಿ. ಹೆಚ್ಚಾಗಿ 10,000 ಕಿಲೋಮೀಟರಿಗೆ ಪರೀಕ್ಷೆ, 15,000 ಅಥವಾ 20,000ಕ್ಕೆ ಬದಲು ಅಂತ ಇರುತ್ತದೆ. ಅದರ ಪಕ್ಕದಲ್ಲೇ, ಧೂಳಿನ ಜಾಗದಲ್ಲಿ ಓಡಿಸುವವರು ಇನ್ನೂ ಬೇಗ ಬದಲಿಸಿ ಅಂತಲೂ ಬರೆದಿರುತ್ತಾರೆ. ಬೆಂಗಳೂರಿನವರು ಆ ಎರಡನೇ ಸಾಲನ್ನೇ ಓದಬೇಕು.

ನೆನಪಿಟ್ಟುಕೊಳ್ಳಲು ಒಂದು ಸುಲಭದ ದಾರಿ ಇದೆ. ಆಯುಧ ಪೂಜೆಗೆ ಹೇಗೂ ಗಾಡಿ ತೊಳೆದು, ಹೂ ಹಾಕಿ, ಕುಂಬಳಕಾಯಿ ಒಡೆಯುತ್ತೇವೆ. ಅವತ್ತೇ ಫಿಲ್ಟರ್ ಬಿಚ್ಚಿ ನೋಡಿ. ಅಲ್ಲಿಂದ ಸುಮಾರು ಆರು ತಿಂಗಳಿಗೆ ಯುಗಾದಿ, ಆಗ ಇನ್ನೊಮ್ಮೆ. ದಿನಾ ಕಚೇರಿಗೆ ಕಾರಿನಲ್ಲೇ ಹೋಗುವವರು ಎರಡು ಸಲವೂ ಬದಲಿಸಿದರೆ ಒಳ್ಳೆಯದು. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ವರ್ಷಕ್ಕೊಂದು ಸಾಕು. ಅದನ್ನು ಬೇಸಿಗೆಯ ಧೂಳೆಲ್ಲ ಮುಗಿದು ಮಳೆ ಹಿಡಿಯುವ ಮುಂಚೆ ಬದಲಿಸಿ. ಧೂಳು ತುಂಬಿದ ಫಿಲ್ಟರಿಗೆ ಮಳೆಗಾಲದ ತೇವ ಸೇರಿದರೆ ಮುಗ್ಗಲು ವಾಸನೆ ಗ್ಯಾರಂಟಿ.

ಹಾಳಾಗಿದೆ ಅಂತ ಗೊತ್ತಾಗುವುದು ಹೇಗೆ?

ಬ್ಲೋವರನ್ನು 3ಕ್ಕೋ 4ಕ್ಕೋ ಇಟ್ಟರೂ ಸದ್ದು ಜಾಸ್ತಿ, ಗಾಳಿ ಕಡಿಮೆ. ಇದು ಮೊದಲ ಲಕ್ಷಣ. ಮಳೆಯಲ್ಲಿ ಮುಂದಿನ ಗಾಜಿಗೆ ಹಿಡಿದ ಮಂಜು ಬೇಗ ಬಿಡುವುದಿಲ್ಲ. ಎಸಿ ಹಾಕಿದ ಕೂಡಲೇ ಒದ್ದೆ ಬಟ್ಟೆಯ ವಾಸನೆ ಬರುತ್ತದೆ. ಒರೆಸಿದ ಮಾರನೇ ದಿನವೇ ಡ್ಯಾಶ್‌ಬೋರ್ಡ್ ಮೇಲೆ ಧೂಳು ಕೂರುತ್ತದೆ.

ಎಸಿ ತಣ್ಣಗಾಗುತ್ತಿಲ್ಲ ಅಂತ ನೇರವಾಗಿ ಗ್ಯಾಸ್ ತುಂಬಿಸಲು ಹೋಗುವವರಿದ್ದಾರೆ. ಅದಕ್ಕೂ ಮುಂಚೆ ಫಿಲ್ಟರ್ ನೋಡಿ. ಗ್ಯಾಸ್ ಸರಿಯಾಗಿದ್ದರೂ ಫಿಲ್ಟರ್ ಕಟ್ಟಿಕೊಂಡಿದ್ದರೆ ತಣ್ಣನೆ ಗಾಳಿ ನಿಮ್ಮವರೆಗೆ ಬರುವುದಿಲ್ಲ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಟ್ಟಲೆ ಸುರಿಯುವುದು ಯಾಕೆ?

ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಮನೆಯ ಟ್ಯೂಬ್‌ಲೈಟ್ ಬದಲಿಸಲು ಬಂದರೆ ಇದೂ ಬರುತ್ತದೆ. ಎಷ್ಟೋ ಕಾರುಗಳಿಗೆ ಸ್ಕ್ರೂಡ್ರೈವರ್ ಕೂಡ ಬೇಡ. ಮೊಬೈಲಿನ ಟಾರ್ಚ್, ಒಂದು ಹಳೇ ನ್ಯೂಸ್‌ಪೇಪರ್, ಒದ್ದೆ ಬಟ್ಟೆ, ಮಾಸ್ಕ್. ಇಷ್ಟಿದ್ದರೆ ಸಾಕು. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಆಮೇಲೆ ಹತ್ತೇ ನಿಮಿಷ. ಮಾಸ್ಕ್ ಮಾತ್ರ ಮರೆಯಬೇಡಿ. ತಿಂಗಳುಗಟ್ಟಲೆ ಕೂಡಿಟ್ಟ ಧೂಳು ಮುಖದ ಎದುರಿಗೇ ಬರುತ್ತದೆ. ಅಸ್ತಮಾ ಇರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಿ.

ನನ್ನ ಕಾರಿನಲ್ಲಿ ಅದು ಎಲ್ಲಿರುತ್ತದೆ?

ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಪಕ್ಕದ ಸೀಟಿನ ಎದುರಿಗಿರುವ ಗ್ಲೋವ್ ಬಾಕ್ಸ್ ಹಿಂದೆ. ಮಾರುತಿ ಸ್ವಿಫ್ಟ್, ಬಲೆನೊ, ಹ್ಯುಂಡೈ ಐ20, ಕ್ರೆಟಾ, ಹೋಂಡಾ ಸಿಟಿ, ಟೊಯೊಟಾ ಇನೋವಾ ಎಲ್ಲಾ ಹೀಗೇ. ಫೋಕ್ಸ್‌ವ್ಯಾಗನ್ ಪೋಲೊದಂಥ ಕೆಲವದರಲ್ಲಿ ಗ್ಲೋವ್ ಬಾಕ್ಸ್ ಕೆಳಗೆ, ಕಾಲಿಡುವ ಜಾಗದ ಮೇಲ್ಭಾಗದಲ್ಲಿ. ಅಲ್ಲಿ ತಲೆ ಬಗ್ಗಿಸಿ ನೋಡಬೇಕು. ಇನ್ನು ಕೆಲವು ಗಾಡಿಗಳಲ್ಲಿ ಬಾನೆಟ್ ಎತ್ತಿದರೆ ವೈಪರ್ ಬುಡದ ಹತ್ತಿರ ಸಿಗುತ್ತದೆ. ನಿಮ್ಮದು ಯಾವುದು ಅನ್ನುವುದಕ್ಕೆ ಕಾರಿನ ಪುಸ್ತಕವೇ ಆಧಾರ. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ.

ಸರಿ, ಬದಲಿಸುವುದು ಹೇಗೆ ಅಂತ ಮೊದಲಿಂದ ಹೇಳಿ.

ಗ್ಲೋವ್ ಬಾಕ್ಸ್ ಹಿಂದೆ ಫಿಲ್ಟರ್ ಇರುವ ಕಾರಿನದನ್ನು ಹೇಳುತ್ತೇನೆ.

ಎಂಜಿನ್ ಆರಿಸಿ, ಕೀ ತೆಗೆದುಬಿಡಿ. ಒಳಗೆ ಬ್ಲೋವರಿನ ರೆಕ್ಕೆ ಇರುತ್ತದೆ, ಕೈ ಹಾಕಿದಾಗ ಅದು ತಿರುಗಬಾರದು. ಎಡಗಡೆ ಬಾಗಿಲು ಪೂರ್ತಿ ತೆರೆದು, ಸೀಟನ್ನು ಹಿಂದಕ್ಕೆ ತಳ್ಳಿ, ಕೆಳಗೆ ಪೇಪರ್ ಹಾಸಿ. ಗ್ಲೋವ್ ಬಾಕ್ಸ್ ಪೂರ್ತಿ ಖಾಲಿ ಮಾಡಿ. ಆರ್‌ಸಿ, ಇನ್ಶೂರೆನ್ಸ್ ಕಾಗದಗಳನ್ನು ಹಿಂದಿನ ಸೀಟಿಗೆ ಹಾಕಿ, ಬಾಕ್ಸ್ ಕಳಚಿದಾಗ ಅವು ಸಂದಿಗೆ ಜಾರುವುದಿದೆ.

ಈಗ ಬಾಕ್ಸ್ ತೆರೆದು ಪಕ್ಕಗಳನ್ನು ನೋಡಿ. ಕೆಲವು ಕಾರಿನಲ್ಲಿ ಒಂದು ಪಕ್ಕಕ್ಕೆ ದಾರವೋ ಸಣ್ಣ ಕಡ್ಡಿಯೋ ಕಟ್ಟಿರುತ್ತದೆ, ಬಾಕ್ಸ್ ನಿಧಾನವಾಗಿ ತೆರೆಯಲಿ ಅಂತ. ಅದನ್ನು ಮೆಲ್ಲಗೆ ಜಾರಿಸಿ ಬಿಡಿಸಿ. ಆಮೇಲೆ ಬಾಕ್ಸಿನ ಎರಡೂ ಪಕ್ಕದ ಗೋಡೆಗಳನ್ನು ಕೈಯಿಂದ ಒಳಕ್ಕೆ ಒತ್ತಿ, ನಿಮ್ಮ ಕಡೆ ಎಳೆಯಿರಿ. ತಡೆಯುವ ಗುಬುಟು ದಾಟಿದ ಮೇಲೆ ಬಾಕ್ಸ್ ಪೂರ್ತಿ ಕೆಳಗೆ ಇಳಿಯುತ್ತದೆ. ಬರುತ್ತಿಲ್ಲ ಅಂದರೆ ಜಗ್ಗಬೇಡಿ. ಎಲ್ಲೋ ಒಂದು ಸ್ಕ್ರೂ ಇರುತ್ತದೆ, ಟಾರ್ಚ್ ಹಾಕಿ ಹುಡುಕಿ. ಈ ಕೆಲಸದಲ್ಲಿ ಏನಾದರೂ ಮುರಿಯುವುದಿದ್ದರೆ ಅದು ಇಲ್ಲೇ, ಆತುರಕ್ಕೆ.

ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ಉದ್ದನೆಯ ಮುಚ್ಚಳ ಕಾಣುತ್ತದೆ. ಅದರ ತುದಿಯ ಲಾಕ್ ಒತ್ತಿ ಹಿಡಿದು ಎಳೆದರೆ ಬರುತ್ತದೆ. ಫಿಲ್ಟರ್ ಕಾಣಿಸಿದ ತಕ್ಷಣ ಒಂದು ಫೋಟೊ ತೆಗೆಯಿರಿ. ಯಾವ ಕಡೆ ಮೇಲೆ, ಬಾಣದ ಗುರುತು ಯಾವ ದಿಕ್ಕಿಗೆ ಅನ್ನುವುದು ಅದರಲ್ಲಿ ಬರಲಿ. ಆಮೇಲೆ ಫಿಲ್ಟರನ್ನು ಅಲ್ಲಾಡಿಸದೆ, ಮಟ್ಟವಾಗಿ ಹೊರಗೆ ಎಳೆಯಿರಿ. ಓರೆ ಮಾಡಿದರೆ ಮೇಲಿರುವ ಎಲೆ, ಕಸ ಎಲ್ಲಾ ಬ್ಲೋವರ್ ಒಳಗೆ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಫಿಲ್ಟರ್ ಎರಡು ತುಂಡಾಗಿರುತ್ತದೆ, ಒಂದು ತೆಗೆದ ಮೇಲೆ ಇನ್ನೊಂದು ಇದೆಯಾ ನೋಡಿ.

ಖಾಲಿ ಜಾಗಕ್ಕೆ ಟಾರ್ಚ್ ಬಿಡಿ. ಒಣ ಎಲೆ, ಹೂವಿನ ಎಸಳು ಇದ್ದರೆ ಕೈಯಲ್ಲೇ ತೆಗೆಯಿರಿ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಸಣ್ಣ ಮೂತಿ ಹಾಕಿ. ಗೋಡೆಗಳನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ನೀರು ಚಿಮುಕಿಸಬೇಡಿ, ಒಳಗೆ ಮೋಟಾರು, ವೈರು ಇರುತ್ತವೆ.

ಹೊಸ ಫಿಲ್ಟರಿನ ಅಂಚಿನ ಮೇಲೆ ಮಾರ್ಕರಿನಲ್ಲಿ ಇವತ್ತಿನ ತಾರೀಖು, ಮೀಟರ್ ರೀಡಿಂಗ್ ಬರೆಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮುಂದಿನ ಸಲ ಯಾರೇ ಬಿಚ್ಚಿದರೂ ಊಹೆ ಮಾಡಬೇಕಾಗಿಲ್ಲ. ಫಿಲ್ಟರನ್ನು ಒಳಗೆ ಜಾರಿಸಿ. ಸ್ವಲ್ಪ ಬಾಗಿಸಬೇಕಾದರೆ ಬಾಗಿಸಿ, ನೆರಿಗೆ ಮಾತ್ರ ಜಜ್ಜಬಾರದು. ಮುಚ್ಚಳದ ಎರಡೂ ತುದಿ ‘ಟಕ್’ ಅಂದ ಮೇಲೆ ಬಾಕ್ಸ್ ಮೊದಲಿನಂತೆ ಕೂರಿಸಿ, ಬಿಡಿಸಿದ್ದ ದಾರವನ್ನು ಸೇರಿಸಿ. ಕಿಟಕಿ ಇಳಿಸಿ, ಬ್ಲೋವರನ್ನು ಕಡಿಮೆಯಿಂದ ಪೂರ್ತಿಗೆ ಏರಿಸಿ ಎರಡು ನಿಮಿಷ ಬಿಡಿ. ಟಕಟಕ ಸದ್ದು ಬಂದರೆ ಯಾವುದೋ ಕಡ್ಡಿ ಬ್ಲೋವರಿಗೆ ಬಿದ್ದಿದೆ ಅಂತ ಅರ್ಥ. ಆರಿಸಿ, ಮತ್ತೆ ಬಿಚ್ಚಿ ತೆಗೆಯಿರಿ.

ಬಾಣದ ಗುರುತು ತಿರುಗುಮುರುಗಾದರೆ ಏನಾಗುತ್ತದೆ?

ಕಾರು ಕೆಡುವುದಿಲ್ಲ. ಆದರೆ ಫಿಲ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಳ್ಳೆಯ ಫಿಲ್ಟರುಗಳಲ್ಲಿ ಪದರಗಳಿರುತ್ತವೆ. ದೊಡ್ಡ ಧೂಳನ್ನು ಹಿಡಿಯುವ ಪದರ ಗಾಳಿ ಬರುವ ಕಡೆ, ಸಣ್ಣ ಧೂಳನ್ನು ಹಿಡಿಯುವುದು ಆಮೇಲೆ. ತಿರುಗಿಸಿ ಹಾಕಿದರೆ ಸಣ್ಣ ಧೂಳು ಹಿಡಿಯುವ ಪದರ ಬೇಗ ಕಟ್ಟಿಕೊಳ್ಳುತ್ತದೆ. ಬಾಣ ತೋರಿಸುವುದು ಗಾಳಿ ಹೋಗುವ ದಿಕ್ಕು, ತುಂಬಾ ಕಾರುಗಳಲ್ಲಿ ಅದು ಮೇಲಿಂದ ಕೆಳಕ್ಕೆ. ಹಳೆಯದನ್ನೇ ಯಾರೋ ತಪ್ಪಾಗಿ ಹಾಕಿರಬಹುದು ಅನ್ನಿಸಿದರೆ, ಅದರ ಯಾವ ಮೈಗೆ ಕಸ ಮೆತ್ತಿದೆ ನೋಡಿ. ಗಾಳಿ ಬರುವುದು ಆ ಕಡೆಯಿಂದ.

ಎಷ್ಟು ಖರ್ಚು? ಎಲ್ಲಿ ಕೊಳ್ಳಬೇಕು?

ಸಾಮಾನ್ಯ ಕಾರುಗಳ ಸಾದಾ ಫಿಲ್ಟರಿಗೆ ಸುಮಾರು 200ರಿಂದ 500 ರೂಪಾಯಿ. ಕಾರ್ಬನ್ ಇರುವುದಕ್ಕೆ ಇನ್ನೂ ಇನ್ನೂರು ಮುನ್ನೂರು ಜಾಸ್ತಿ ಆಗಬಹುದು. ದೊಡ್ಡ ಗಾಡಿ, ವಿದೇಶಿ ಬ್ರಾಂಡಿನ ಗಾಡಿಗಳಿಗೆ ಹೆಚ್ಚು. ನೀವೇ ಹಾಕಿದರೆ ಕೂಲಿಯ ಖರ್ಚು ಇಲ್ಲ.

ಬೆಂಗಳೂರಿನಲ್ಲಿ ಬಿಡಿಭಾಗ ಅಂದರೆ ಜೆ.ಸಿ. ರಸ್ತೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ, ಅದರ ಅಕ್ಕಪಕ್ಕದ ಗಲ್ಲಿಗಳಲ್ಲಿ, ಕಲಾಸಿಪಾಳ್ಯದ ಕಡೆಯೂ ಅಂಗಡಿಗಳಿವೆ. ಕಾರಿನಲ್ಲಿ ಹೋದರೆ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಕೆ.ಆರ್. ಮಾರ್ಕೆಟ್ ಅಥವಾ ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಹೋಗಿ. ಹಳೆಯ ಫಿಲ್ಟರನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಇಲ್ಲವೇ ಅದರ ಮೇಲಿನ ನಂಬರಿನ ಫೋಟೊ ಇಟ್ಟುಕೊಳ್ಳಿ. ‘ಅಣ್ಣಾ, ಇದೇ ಅಳತೆದು ಕೊಡಿ, ಎರಡು ಕಂಪನಿದು ತೋರಿಸಿ’ ಅಂತ ಕೇಳಿದರೆ ಸಾಕು. ಕಾರಿನ ಹೆಸರು, ವರ್ಷ, ಪೆಟ್ರೋಲೋ ಡೀಸೆಲ್ಲೋ ಎಲ್ಲಾ ಹೇಳಿ. ಒಂದೇ ಹೆಸರಿನ ಕಾರಿನ ಹಳೇ ಮಾಡೆಲ್ಲಿಗೂ ಹೊಸ ಮಾಡೆಲ್ಲಿಗೂ ಫಿಲ್ಟರ್ ಬೇರೆಯಾಗಿರಬಹುದು.

ಆನ್‌ಲೈನಿನಲ್ಲೂ ಸಿಗುತ್ತದೆ. ಆದರೆ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ನೋಡಿಕೊಂಡೇ ಆರ್ಡರ್ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರ ಬದಲು ಶೇ 18 ಆಗಿದೆ. ಹಳೇ ಸ್ಟಾಕಿಗೆ ಹಳೇ ಎಂಆರ್‌ಪಿಯನ್ನೇ ಹೇಳಿದರೆ, ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ಅಂತ ಕೇಳಲು ಸಂಕೋಚ ಬೇಡ.

ಒರಿಜಿನಲ್ಲೇ ಬೇಕಾ? ಕಡಿಮೆ ಬೆಲೆಯದು ಹಾಕಬಹುದಾ?

ಹಾಕಬಹುದು, ಅಳತೆ ಸರಿಯಿದ್ದರೆ. ಬಾಷ್, ಮಾನ್, ಪ್ಯೂರೊಲೇಟರ್, ಎಲೊಫಿಕ್‌ನಂಥ ಫಿಲ್ಟರ್ ಮಾಡುವ ಕಂಪನಿಗಳದೂ ಸಿಗುತ್ತವೆ. ಕಾರು ಕಂಪನಿಯ ಡಬ್ಬಿಯಲ್ಲೇ ಬರಬೇಕು ಅಂತೇನಿಲ್ಲ.

ಹೆಸರೇ ಕೇಳದ ಬ್ರಾಂಡಾದರೆ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ. ಹಳೆಯದರ ಪಕ್ಕ ಇಟ್ಟು ಉದ್ದ, ಅಗಲ, ದಪ್ಪ ನೋಡಿ. ಐದು ಮಿಲಿಮೀಟರ್ ಸಣ್ಣದಾದರೂ ಬೇಡ. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ, ಸಂದಿಯಲ್ಲೇ ನುಗ್ಗುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ನೆರಿಗೆಗಳ ನಡುವಿನ ಅಂತರ ಸಮ ಇರಬೇಕು. ಹಳೆಯದಕ್ಕಿಂತ ನೆರಿಗೆ ತೀರಾ ಕಡಿಮೆ ಇದ್ದರೆ ಬಟ್ಟೆ ಉಳಿಸಿದ್ದಾರೆ ಅಂತ ಅರ್ಥ. ಬೆಳಕಿಗೆ ಹಿಡಿದಾಗ ಸೂಜಿ ತೂತು ಕಾಣಬಾರದು. ಅಂಚಿನ ಅಂಟು ಬಿಟ್ಟಿರಬಾರದು. ಮೂಗಿನ ಹತ್ತಿರ ಹಿಡಿದಾಗ ಘಾಟು ಬಂದರೆ ತೆಗೆದುಕೊಳ್ಳಬೇಡಿ, ಆ ಘಾಟನ್ನೇ ಮನೆಯವರೆಲ್ಲ ಉಸಿರಾಡಬೇಕಾಗುತ್ತದೆ.

ಕಾರ್ಬನ್ ಫಿಲ್ಟರ್, ಹೆಪಾ ಫಿಲ್ಟರ್ ಅಂತೆಲ್ಲಾ ಹೇಳ್ತಾರೆ. ಬೇಕಾ?

ಸಾದಾ ಫಿಲ್ಟರ್ ಧೂಳು, ಪರಾಗ, ಎಲೆ ಚೂರು ಹಿಡಿಯುತ್ತದೆ. ಪರಾಗದ ಕಣ ಹೆಚ್ಚಾಗಿ 10ರಿಂದ 100 ಮೈಕ್ರೋಮೀಟರ್ ಇರುವುದರಿಂದ ಸಾದಾ ಫಿಲ್ಟರಿಗೆ ಅದು ಕಷ್ಟವೇ ಅಲ್ಲ. ಕಾಂಗ್ರೆಸ್ ಗಿಡದ ಪರಾಗಕ್ಕೆ ಸೀನು ಬರುವವರು ನಮ್ಮ ಊರಿನಲ್ಲಿ ತುಂಬಾ ಇದ್ದಾರಲ್ವಾ, ಅವರಿಗೆ ಸಾದಾ ಫಿಲ್ಟರೇ ದೊಡ್ಡ ಸಹಾಯ. ಪಿಎಂ 2.5ರಲ್ಲಿ ಮಾತ್ರ ಅದು ಒಂದಷ್ಟನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ.

ಕಾರ್ಬನ್ ಫಿಲ್ಟರಿನಲ್ಲಿ ಇದ್ದಿಲಿನಿಂದ ಮಾಡಿದ ಒಂದು ಪದರ ಸೇರಿರುತ್ತದೆ. ಅದು ಹೊಗೆಯ ವಾಸನೆ, ಕೆಲವು ಅನಿಲಗಳನ್ನು ಹೀರಿಕೊಳ್ಳುತ್ತದೆ. ದಿನಾ ಹೊಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಲಾರಿಗಳ ಹಿಂದೆ ಹೋಗುವವರಿಗೆ ಆ ಹೆಚ್ಚಿನ ದುಡ್ಡು ಸಾರ್ಥಕ. ಬಡಾವಣೆಯೊಳಗೇ ಓಡಾಡುವವರಿಗೆ ಅಷ್ಟೇನೂ ಬೇಡ. ಕಾರ್ಬನ್ ತುಂಬಿಕೊಂಡ ಮೇಲೆ ವಾಸನೆ ಹೀರುವುದು ನಿಲ್ಲುತ್ತದೆ, ಹಾಗಾಗಿ ಅದನ್ನೂ ಹೊತ್ತಿಗೆ ಸರಿಯಾಗಿ ಬದಲಿಸಲೇಬೇಕು.

ಒಂದು ಮಾತು ಮಾತ್ರ ಚೆನ್ನಾಗಿ ನೆನಪಿರಲಿ. ಕಾರ್ಬನ್ ಮಾನಾಕ್ಸೈಡನ್ನು ಯಾವ ಕಾರ್ಬನ್ ಫಿಲ್ಟರೂ ತಡೆಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತಾ ಎಸಿ ಹಾಕಿಕೊಂಡು ಯಾರೂ ಮಲಗಬಾರದು. ಮನೆಗೆ ಬರುವ ಡ್ರೈವರಿಗೂ ಇದನ್ನು ಹೇಳಿ.

ಹೆಪಾ ಅನ್ನುವುದು ಒಂದು ಮಟ್ಟದ ಹೆಸರು. ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರೋಮೀಟರಿನ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿದರೆ ಮಾತ್ರ ಹೆಪಾ. ಅಷ್ಟು ದಟ್ಟವಾದ ಬಟ್ಟೆಯ ಮೂಲಕ ಗಾಳಿ ತಳ್ಳುವಷ್ಟು ಶಕ್ತಿ ಸಾಧಾರಣ ಕಾರಿನ ಬ್ಲೋವರಿಗೆ ಇರುವುದಿಲ್ಲ. 400 ರೂಪಾಯಿಯ ಪ್ಯಾಕೆಟ್ ಮೇಲೆ ‘ಹೆಪಾ’ ಅಂತ ಬರೆದಿದ್ದರೆ ಅದನ್ನು ನಂಬಿ ಕೊಳ್ಳಬೇಡಿ. ಎಷ್ಟು ಸಣ್ಣ ಕಣವನ್ನು ಶೇಕಡಾ ಎಷ್ಟು ಹಿಡಿಯುತ್ತದೆ ಅಂತ ಬರೆದಿದ್ದಾರಾ ನೋಡಿ.

ಹಳೆಯದನ್ನೇ ತೊಳೆದು ಹಾಕಬಹುದಾ? ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ?

ತೊಳೆಯಬೇಡಿ. ಹೆಚ್ಚಿನ ಫಿಲ್ಟರುಗಳ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ, ಸಣ್ಣ ಕಣಗಳನ್ನು ಎಳೆದು ಹಿಡಿಯುವುದು ಅದೇ. ಸೋಪು ನೀರಿಗೆ ಅದು ಹೋಗುತ್ತದೆ. ಕಣ್ಣಿಗೆ ಬೆಳ್ಳಗೆ ಕಂಡರೂ ಒಳಗಿನ ಶಕ್ತಿ ಇರುವುದಿಲ್ಲ. ಪೂರ್ತಿ ಒಣಗದಿದ್ದರೆ ಬೂಸ್ಟು ಬೇರೆ ಹಿಡಿಯುತ್ತದೆ. ಜೋರಾಗಿ ಗಾಳಿ ಹೊಡೆಸಿದರೆ ಎಳೆಗಳು ಹರಿದು ತೂತಾಗುತ್ತವೆ.

ಸಂಬಳಕ್ಕೆ ಇನ್ನೂ ಹತ್ತು ದಿನ ಇದೆ, ಅಲ್ಲಿವರೆಗೆ ನಡೆಯಲಿ ಅಂದರೆ, ಮನೆಯಿಂದ ಹೊರಗೆ ಒಯ್ದು ಮೆಲ್ಲಗೆ ಕೊಡವಿ, ಇಲ್ಲವೇ ವ್ಯಾಕ್ಯೂಮ್‌ನಲ್ಲಿ ಮೇಲ್ಮೇಲೆ ಎಳೆದು ಹಾಕಿ. ಇದು ತಾತ್ಕಾಲಿಕ. ‘ತೊಳೆಯಬಹುದು’ ಅಂತಲೇ ಬರೆದು ಮಾರುವ ಫಿಲ್ಟರ್ ಆದರೆ ಅದರ ಸೂಚನೆಯಂತೆ ಮಾಡಿ. ಅಡುಗೆಮನೆ ಚಿಮಣಿಯ ಜಾಳಿಗೆ, ಹಳೇ ಪಂಚೆ, ಸ್ಪಂಜು ಕತ್ತರಿಸಿ ಹಾಕುವ ಉಪಾಯಗಳು ಬೇಡವೇ ಬೇಡ. ಒಂದೋ ಗಾಳಿಯನ್ನೇ ತಡೆಯುತ್ತವೆ, ಇಲ್ಲ ಧೂಳನ್ನು ತಡೆಯುವುದೇ ಇಲ್ಲ.

ಸ್ವಲ್ಪ ದಿನ ಫಿಲ್ಟರ್ ಇಲ್ಲದೆ ಓಡಿಸಿದರೆ ತೊಂದರೆ ಇದೆಯಾ?

ಇದೆ. ಗಾಳಿ ಜೋರಾಗಿ ಬರುತ್ತದೆ, ಅದಕ್ಕೇ ಕೆಲವರಿಗೆ ಖುಷಿ. ಆದರೆ ಧೂಳೆಲ್ಲ ಹೋಗಿ ಎಸಿಯ ಕೂಲಿಂಗ್ ಕಾಯಿಲ್ ಮೇಲೆ ಕೂರುತ್ತದೆ. ಎಸಿ ಓಡುವಾಗ ಕಾಯಿಲ್ ಒದ್ದೆ ಇರುವುದರಿಂದ ಧೂಳು ಕೆಸರಾಗಿ ಅಂಟುತ್ತದೆ. ತುಂಬಾ ಕಾರುಗಳಲ್ಲಿ ಅದನ್ನು ಪೂರ್ತಿ ಸ್ವಚ್ಛ ಮಾಡಲು ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಆ ಬಿಲ್ಲಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಫಿಲ್ಟರ್ ಬರುತ್ತವೆ.

ಬದಲಿಸಿದ ಮೇಲೂ ವಾಸನೆ ಹೋಗಿಲ್ಲ.

ಹಾಗಾದರೆ ವಾಸನೆ ಫಿಲ್ಟರಿನದಲ್ಲ, ಹೆಚ್ಚಾಗಿ ಕೂಲಿಂಗ್ ಕಾಯಿಲ್‌ನದು. ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಬಟನ್ ಆರಿಸಿ, ಬ್ಲೋವರ್ ಮಾತ್ರ ಓಡಲಿ. ಕಾಯಿಲ್ ಒಣಗುತ್ತದೆ, ಬೂಸ್ಟು ಬೆಳೆಯುವುದು ಕಡಿಮೆಯಾಗುತ್ತದೆ. ದುಡ್ಡು ಖರ್ಚಿಲ್ಲದ ಈ ಅಭ್ಯಾಸವನ್ನು ಎಲ್ಲರೂ ಮಾಡಿಕೊಳ್ಳಬೇಕು. ಎಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಸಹಜ. ಅದು ತೊಟ್ಟಿಕ್ಕದೆ ಎಡಗಡೆಯ ಮ್ಯಾಟ್ ಒದ್ದೆಯಾಗುತ್ತಿದ್ದರೆ ನೀರು ಹೋಗುವ ಪೈಪು ಕಟ್ಟಿದೆ, ಮೆಕ್ಯಾನಿಕ್‌ಗೆ ತೋರಿಸಿ. ಫಿಲ್ಟರಿಗೆ ಸೆಂಟು ಹೊಡೆಯುವುದು, ಕರ್ಪೂರ ಇಡುವುದು ಬೇಡ. ವಾಸನೆ ಮುಚ್ಚುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ.

ನಮ್ಮ ಬೀದಿಯಲ್ಲಿ ಮರದ ಕೆಳಗೇ ಕಾರು ನಿಲ್ಲಿಸಬೇಕು. ಏನು ಮಾಡಲಿ?

ಮಲ್ಲೇಶ್ವರ, ಜಯನಗರ, ಬಸವನಗುಡಿಯವರೆಲ್ಲ ಕೇಳುವ ಪ್ರಶ್ನೆ. ಮರದ ನೆರಳು ಕಾರಿಗೆ ಒಳ್ಳೆಯದೇ, ನೆರಳು ಬಿಡಬೇಡಿ. ವೈಪರ್ ಬುಡದ ಜಾಗವನ್ನು ಮಾತ್ರ ವಾರಕ್ಕೊಮ್ಮೆ ಕೈಯಿಂದ ಗೋರಿ ತೆಗೆಯಿರಿ. ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದಲೇ. ಯುಗಾದಿ ಕಳೆದ ಮೇಲೆ ಹೊಂಗೆ ಹೂ ಉದುರಿಸುತ್ತದೆ. ಸಣ್ಣ ಹೂವು, ಜಾಳಿಗೆಯ ಕಿಂಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಮಳೆ ಮರದ ಎಳೆ ಎಳೆ ಹೂವು, ಗುಲ್‌ಮೊಹರಿನ ಸಣ್ಣ ಎಲೆ ಕೂಡ ಹಾಗೇ. ಅಲ್ಲಿ ಕಸ ಕೊಳೆತರೆ ಮಳೆ ನೀರು ಹರಿದು ಹೋಗುವ ತೂತು ಕಟ್ಟಿ, ನೀರು ಕಾರಿನ ಒಳಗೇ ಬರಬಹುದು. ಬೆಳಗ್ಗೆ ಕಾರು ಒರೆಸಲು ಬರುವವರಿಗೂ ಈ ಜಾಗ ತೋರಿಸಿಕೊಡಿ, ಹೆಚ್ಚಿನವರು ಗಾಜು ಒರೆಸಿ ಬಿಟ್ಟುಬಿಡುತ್ತಾರೆ.

ಟ್ರಾಫಿಕ್‌ನಲ್ಲಿ ಹೊರಗಿನ ಗಾಳಿ ಬಂದ್ ಮಾಡಿಡಬೇಕಾ?

ಹೊಗೆ ಜಾಸ್ತಿ ಇರುವ ಕಡೆ ಒಳಗಿನ ಗಾಳಿಯೇ ಸುತ್ತುವ ಬಟನ್ ಹಾಕಿ. ಹೆಚ್ಚಿನ ಕಾರುಗಳಲ್ಲಿ ಆ ಗಾಳಿಯೂ ಮತ್ತೆ ಮತ್ತೆ ಫಿಲ್ಟರಿನ ಮೂಲಕ ಹೋಗುತ್ತದೆ, ಪ್ರತಿ ಸುತ್ತಿಗೂ ಒಂದಿಷ್ಟು ಶುದ್ಧವಾಗುತ್ತದೆ. ಆದರೆ ಇಡೀ ದಾರಿ ಹಾಗೇ ಬಿಡಬೇಡಿ. ನಾಲ್ಕು ಜನ ಕೂತ ಮುಚ್ಚಿದ ಕಾರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ತೂಕಡಿಕೆ ಬರುತ್ತದೆ. ಜಂಕ್ಷನ್ ದಾಟಿದ ಮೇಲೆ ಹೊರಗಿನ ಗಾಳಿಗೆ ಬದಲಿಸಿ. ಮಳೆಯಲ್ಲಿ ಗಾಜು ಮಂಜಾದರೂ ಹೊರಗಿನ ಗಾಳಿಯೇ ಬೇಕು, ಜೊತೆಗೆ ಎಸಿ.

ಫಿಲ್ಟರ್ ಬಿಚ್ಚಿದಾಗ ಇಲಿ ಹಿಕ್ಕೆ, ಕಡಿದ ಚೂರು ಕಂಡಿತು.

ಬರಿಗೈಯಲ್ಲಿ ಮುಟ್ಟಬೇಡಿ. ಇಲಿಯಿಂದ ಕಾಯಿಲೆ ಹರಡುತ್ತದೆ. ಗ್ಲೌಸು, ಮಾಸ್ಕ್ ಹಾಕಿ, ಒಣಗಿದ್ದನ್ನು ಗುಡಿಸದೆ ಸೋಂಕುನಾಶಕದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಸುತ್ತಲಿನ ವೈರ್ ಕಡಿದಿದೆಯಾ ನೋಡಿ. ಕಡಿದಿದ್ದರೆ ಬ್ಲೋವರ್ ಹಾಕುವ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕಾರಿನಲ್ಲಿ ಬಿಸ್ಕತ್ತು, ಕಡಲೆಕಾಯಿ ಬಿಡಬೇಡಿ.

ಮೈಲೇಜ್ ಜಾಸ್ತಿ ಆಗುತ್ತಾ?

ಇಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ನಾನೇ ಬದಲಿಸಿದರೆ ವಾರಂಟಿ ಹೋಗುತ್ತಾ?

ಎಷ್ಟೋ ಕಾರುಗಳ ಪುಸ್ತಕದಲ್ಲಿ ಇದನ್ನು ಮಾಲೀಕರೇ ಬದಲಿಸುವ ವಿಧಾನವನ್ನು ಚಿತ್ರ ಸಮೇತ ಕೊಟ್ಟಿರುತ್ತಾರೆ. ಇಲ್ಲಿ ವೈರ್ ಕತ್ತರಿಸುವುದಿಲ್ಲ, ಯಾವ ಭಾಗವನ್ನೂ ಮಾರ್ಪಡಿಸುವುದಿಲ್ಲ. ಆದರೂ ವಾರಂಟಿಯ ಷರತ್ತು ಒಮ್ಮೆ ಓದಿ, ಫಿಲ್ಟರ್ ಕೊಂಡ ಬಿಲ್ ಇಟ್ಟುಕೊಳ್ಳಿ. ಸರ್ವಿಸಿಗೆ ಬಿಡುವಾಗ ‘ಎಸಿ ಫಿಲ್ಟರ್ ಈಗಷ್ಟೇ ಹಾಕಿದ್ದೇನೆ, ಬದಲಿಸಬೇಡಿ’ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಅವರಿಂದಲೇ ಹಾಕಿಸುವುದಾದರೆ ಹಳೆಯದನ್ನು ತೋರಿಸಲು ಹೇಳಿ. ನೀವು ಬರೆದ ತಾರೀಖು ಅದರ ಮೇಲೆ ಇರುತ್ತದಲ್ವಾ.

ನನ್ನದು ಹಳೇ ಕಾರು, ಫಿಲ್ಟರೇ ಇಲ್ಲ.

ಮಾರುತಿ 800, ಓಮ್ನಿಯಂಥ ಕಾರುಗಳು ಈ ಫಿಲ್ಟರ್ ಇಲ್ಲದೆ ಬಂದವು. ಕೆಲವು ಕಾರುಗಳ ಕಡಿಮೆ ಬೆಲೆಯ ಮಾಡೆಲ್ಲಿನಲ್ಲಿ ಫಿಲ್ಟರಿನ ಗೂಡು ಇದ್ದರೂ ಒಳಗೆ ಫಿಲ್ಟರ್ ಹಾಕಿರುವುದಿಲ್ಲ. ಮುಚ್ಚಳ ತೆಗೆದು ನೋಡಿ. ಗೂಡು ಇದ್ದರೆ ದೊಡ್ಡ ಮಾಡೆಲ್ಲಿನ ಫಿಲ್ಟರ್ ಅದಕ್ಕೆ ಕೂರುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ಗೂಡೇ ಇಲ್ಲದಿದ್ದರೆ ಕತ್ತರಿಸಿ ಕೂರಿಸುವ ಸಾಹಸ ಬೇಡ. ವೈಪರ್ ಬುಡ ಚೊಕ್ಕಟವಾಗಿಡಿ, ಹೊಗೆಯಲ್ಲಿ ಒಳಗಿನ ಗಾಳಿ ಬಳಸಿ.

ತೆಗೆದ ಫಿಲ್ಟರನ್ನು ಎಲ್ಲಿ ಹಾಕಲಿ?

ಕೆಳಗೆ ಹಾಸಿದ್ದ ಪೇಪರಿನಲ್ಲೇ ಧೂಳು ಚೆಲ್ಲದಂತೆ ಸುತ್ತಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಹಸಿ ಕಸಕ್ಕೆ ಸೇರಿಸಬೇಡಿ. ಮರುಬಳಕೆಗೆ ಹೋಗುವ ಬಾಟಲಿ, ರಟ್ಟಿನ ಜೊತೆಯೂ ಬೇಡ. ಸುಡುವುದಂತೂ ಬೇಡವೇ ಬೇಡ, ಅದು ಪ್ಲಾಸ್ಟಿಕ್ ಎಳೆ. ಕಸದ ಆಟೊ ಬಂದಾಗ ಪ್ರತ್ಯೇಕವಾಗಿ ಕೊಟ್ಟು, ‘ಇದರಲ್ಲಿ ಧೂಳಿದೆ, ಬಿಚ್ಚಬೇಡಿ’ ಅಂತ ಪೌರಕಾರ್ಮಿಕರಿಗೆ ಹೇಳಿ.